ಸದರಿ ಗ್ರಹದ ಹದ್ದುಬಸ್ತು

ಬೇರೆ ಊರಿನ ಲೇಖಕರಿಗೆ ಇಂಥ ಫಜೀತಿಗಳು ಆಗುತ್ತವೋ ಇಲ್ಲವೋ ನಾನು ಕೇಳಿಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಸರ್ವೆ ಕೆಲಸ ಮಾಡಿಕೊಂಡು ವಿಜ್ಞಾನ ಕಾದಂಬರಿ ಬರೆದು ನೋಡಿ, ತಿಂಗಳಿಗೆ ಒಂದಾದರೂ ಆಗಿಯೇ ಆಗುತ್ತದೆ.

ಹಗಲು ನಾನು ಜನರ ಹೊಲ ಅಳೆಯುತ್ತೇನೆ. ಅಣ್ಣನದು ಎಲ್ಲಿ ಮುಗಿಯಿತು, ತಮ್ಮನದು ಎಲ್ಲಿ ಶುರುವಾಯಿತು ಎಂದು ಕಲ್ಲು ನೆಡಿಸಿ ಗಡಿ ತೋರಿಸುತ್ತೇನೆ. ಇದಕ್ಕೆ ಹದ್ದುಬಸ್ತು ಎನ್ನುತ್ತಾರೆ. ಉಳಿದ ಹೊತ್ತಿನಲ್ಲಿ ಯಾರೂ ಕಾಲಿಡದ ಗ್ರಹಗಳಿಗೆ ಜನರನ್ನು ಕಳಿಸಿ, ಅಲ್ಲಿಯೂ ಅವರಿಗೆ ಜಗಳ ಹಚ್ಚುತ್ತೇನೆ. ಯಲಬುರ್ಗಾ, ಕುಷ್ಟಗಿ, ಕೊಪ್ಪಳ, ಗಂಗಾವತಿ ಎಂದು ನಾಲ್ಕೂ ಕಡೆ ವರ್ಗವಾಗುತ್ತ ಐದು ಕಾದಂಬರಿ ಬರೆದಿದ್ದೇನೆ. ನಾಲ್ಕನೆಯದಕ್ಕೆ ರಾಜ್ಯಮಟ್ಟದ ದೊಡ್ಡ ಪ್ರಶಸ್ತಿಯೇ ಬಂತು. ಮೈಸೂರಿನಿಂದ, ಮಂಗಳೂರಿನಿಂದ, ಹೆಸರು ಕೇಳದ ಊರುಗಳಿಂದಲೂ ಓದುಗರು ಪತ್ರ ಬರೆದರು.

ಆದರೆ ನನಗೆ ಒಂದೇ ಒಂದು ಹಟವಿತ್ತು. ನಾನು ಅಳೆದ ಈ ನೆಲದ ಮೇಲೆ, ಈ ನಾಲ್ಕು ತಾಲ್ಲೂಕಿನ ಒಳಗೆ, ಒಬ್ಬರಾದರೂ ನನ್ನ ಒಂದು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕು. ಓದಿ ಬೈದರೂ ಸೈ. ಸರ್ವೆಯವರು ಜನರಿಂದ ತೆಗೆದುಕೊಳ್ಳುತ್ತಾರೆ ಎಂಬುದು ಲೋಕದ ಮಾತು. ಹೋದ ಹೋದ ಮನೆಗೆ ಪುಸ್ತಕ ಕೊಟ್ಟು ಬಂದ ಸರ್ವೆಯವಳು ಬಹುಶಃ ನಾನೊಬ್ಬಳೇ. ಅಷ್ಟಾದರೂ ಕೊನೆ ಮುಟ್ಟಿದ ಓದುಗ ಬಹಳ ಕಾಲ ಸಿಗಲಿಲ್ಲ.

ಮೂರು ಕಾಲಿನವರು

ನೌಕರಿಯ ಆರಂಭದ ದಿನಗಳು. ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರ ಬದುವಿನ ಜಗಳ. ತಮ್ಮ ಅರ್ಜಿ ಹಾಕಿದ್ದ. ಅಣ್ಣನ ಹೊಲ ಮೂಡಣಕ್ಕೆ, ತಮ್ಮನದು ಪಡುವಣಕ್ಕೆ. ಅಣ್ಣ ವರ್ಷವರ್ಷವೂ ಒಂದೊಂದು ಸಾಲು ಒಳಗೆ ಬಂದಿದ್ದಾನೆ ಎಂಬುದು ತಮ್ಮನ ದೂರು. ಇಬ್ಬರೂ ಹಾಜರಿಲ್ಲದೆ ನಾವು ಸರಪಳಿ ಹಿಡಿಯುವಂತಿಲ್ಲ. ಅಣ್ಣನೋ ಹತ್ತಕ್ಕೆ ಬಾ ಎಂದರೆ ಹನ್ನೆರಡಾದರೂ ಬರಲಿಲ್ಲ.

ಬೇವಿನ ಗಿಡದ ಕೆಳಗೆ ಕುಳಿತು ಸುಮ್ಮನಿರಲಾರದೆ ನೋಟುಪುಸ್ತಕ ತೆಗೆದೆ. ನನ್ನ ಮೊದಲ ಕಾದಂಬರಿಯ ಮೊದಲ ಅಧ್ಯಾಯ ಅಲ್ಲಿಯೇ ಹುಟ್ಟಿತು. ತಮ್ಮ ನನ್ನ ಬೆನ್ನ ಹಿಂದೆ ನಿಂತು ಇಣುಕುತ್ತಿದ್ದುದು ನನಗೆ ಗೊತ್ತಾಗಲಿಲ್ಲ. ನಾನು ಬರೆದದ್ದು ಇಷ್ಟು: “ಅವರು ಮೂಡಣ ದಿಕ್ಕಿನಿಂದ ಬಂದರು. ಒಬ್ಬೊಬ್ಬರಿಗೂ ಮೂರು ಕಾಲು. ಯಾರನ್ನೂ ಕೇಳದೆ ಗಡಿ ದಾಟಿದರು. ಹೊತ್ತು ಮುಳುಗುವುದರೊಳಗೆ ನೆಲವೆಲ್ಲ ಅವರದಾಗಿತ್ತು.”

ಅಷ್ಟರಲ್ಲಿ ಅಣ್ಣ ಗಾಡಿಯ ಮೇಲೆ ಬಂದಿಳಿದ. ಮೂರು ವರ್ಷದಿಂದ ಮಾತು ಬಿಟ್ಟಿದ್ದ ತಮ್ಮ ಓಡಿಹೋಗಿ ಅವನ ಕೈ ಹಿಡಿದುಕೊಂಡ.

“ಅಣ್ಣಾ, ನಿನ್ನ ಕಡಿಂದ ಯಾರೋ ಬರಾಕತ್ಯಾರಂತಲ್ಲೋ. ಮೂರು ಕಾಲಿನವ್ರಂತ. ಎಲ್ಲಾ ನೆಲ ಅವರದ ಆಗತೈತಂತ.”

“ಯಾವನಂದ?”

“ಸರ್ವೇದ ಪುಸ್ತಕದಾಗ ಬರದೈತಿ. ನಾನ ಕಣ್ಣಾರೆ ಓದೀನಿ.”

ನಾನು ಎದ್ದು ಬಂದು, ಅದು ಕಥೆ, ನನ್ನ ಸ್ವಂತದ್ದು, ನಿಮ್ಮ ಹೊಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಇಬ್ಬರೂ ತಲೆ ಅಲ್ಲಾಡಿಸಿದರು. ಸರ್ಕಾರದವರು ಒಂದು ಮಾತನ್ನು ಅಷ್ಟು ಸಾರಿ ಅಲ್ಲವೆಂದರೆ ಅದು ಇದ್ದೇ ಇರುತ್ತದೆ ಎಂಬುದು ಅವರ ಅನುಭವ. ಗಿಡದ ಆಚೆ ಹೋಗಿ ಸ್ವಲ್ಪ ಹೊತ್ತು ಪಿಸುಗುಟ್ಟಿ ಬಂದರು. ಅರ್ಜಿ ವಾಪಸು ತೆಗೆದುಕೊಳ್ಳುತ್ತೇವೆ, ರಾಜಿಯಾಗಿದ್ದೇವೆ ಎಂದರು. ಕಾರಣ ಕೇಳಿದ್ದಕ್ಕೆ ಅಣ್ಣ ನಿಟ್ಟುಸಿರುಬಿಟ್ಟ.

“ಎರಡ ಕಾಲು ಇಟಗೊಂಡು ನಾನ ಇಷ್ಟು ಒಳಗ ಬಂದೀನ್ರಿ ಮೇಡಮ್ಮಾರ. ಮೂರು ಕಾಲಿನವ್ರು ಎಲ್ಲಿಗೆ ನಿಂತಾರು?”

ಚಕ್ಕುಬಂದಿ

ಎರಡನೆಯ ಕಾದಂಬರಿ ಬರುವಷ್ಟರಲ್ಲಿ ನಾನು ಕುಷ್ಟಗಿಯಲ್ಲಿದ್ದೆ. ಅಲ್ಲಿ ನಿವೃತ್ತ ಪಟವಾರಿ ಒಬ್ಬರಿದ್ದರು. ಊರಿನ ದಫ್ತರ ನಲವತ್ತು ವರ್ಷ ಬರೆದ ಕೈ. ದಿನಪತ್ರಿಕೆಯನ್ನು ಟೆಂಡರ್ ಪ್ರಕಟಣೆ ಸಮೇತ ಕೊನೆ ಸಾಲಿನವರೆಗೆ ಓದುತ್ತಾರೆಂದು ಅವರಿಗೆ ಹೆಸರಿತ್ತು. ಕೊನೆ ಮುಟ್ಟುವ ಓದುಗ ಎಂದರೆ ಇವರೇ ಎಂದುಕೊಂಡು, ಪುಸ್ತಕ ಕೊಟ್ಟು ನಮಸ್ಕಾರ ಮಾಡಿ ಬಂದೆ.

ಹದಿನೈದು ದಿನಕ್ಕೆ ಕರೆ ಕಳಿಸಿದರು. ಹೋದೆ. ಪುಸ್ತಕದ ತುಂಬ ಕೆಂಪು ಶಾಯಿ ಕಾಣಿಸಿತು. ನನಗೆ ಎದೆ ತುಂಬಿ ಬಂತು. ನನ್ನ ಬರಹಕ್ಕೆ ಅಷ್ಟು ಶಾಯಿ ಖರ್ಚು ಮಾಡಿದವರು ಅಲ್ಲಿಯತನಕ ಯಾರೂ ಇರಲಿಲ್ಲ.

“ಬರವಣಿಗಿ ಛಲೋ ಐತಿ,” ಎಂದರು. “ನಿಮ್ಮ ನಾಯಕ ಗ್ರಹಕ್ಕ ಇಳದ. ಧ್ವಜಾ ನೆಟ್ಟ. ಇದು ನನ್ನದು ಅಂದ. ಎಲ್ಲಾ ಸರಿ. ಚಕ್ಕುಬಂದಿ ಎಲ್ಲೈತಿ?”

ಚಕ್ಕುಬಂದಿ ಎಂದರೆ ಆಸ್ತಿಯ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ. ಅದಿಲ್ಲದೆ ಯಾವ ಕಾಗದವೂ ಕಾಗದವಲ್ಲ. ಇದು ನನಗೂ ಗೊತ್ತು. ಆದರೂ ವಾದಿಸಿದೆ.

“ಸರ್, ಅವನು ಇಡೀ ಗ್ರಹವನ್ನೇ ತನ್ನದು ಎಂದಿದ್ದಾನೆ. ಗ್ರಹ ದುಂಡಗಿದೆ.”

“ಇರ್ಲಿ. ಮೂಡಣಕ್ಕ ಏನೈತಿ?”

“ಮೂಡಣಕ್ಕೆ ಹೋದರೆ ಮತ್ತೆ ಅದೇ ಗ್ರಹ ಬರುತ್ತದೆ ಸರ್.”

“ಪಡುವಣಕ್ಕ?”

“ಅದೇ ಗ್ರಹ.”

ಅವರು ಕನ್ನಡಕ ಒರೆಸಿಕೊಂಡು, ಲೆಕ್ಕಣಿಕೆ ಹಿಡಿದು, ಪುಸ್ತಕದ ಅಂಚಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದರು: ಮೂಡಣಕ್ಕೆ ಸದರಿ ಗ್ರಹ, ಪಡುವಣಕ್ಕೆ ಸದರಿ ಗ್ರಹ, ತೆಂಕಣಕ್ಕೆ ಸದರಿ ಗ್ರಹ, ಬಡಗಣಕ್ಕೆ ಸದರಿ ಗ್ರಹ. ಬರೆದು ಮುಗಿಸಿ, ಈಗ ಕೋರ್ಟಿನಲ್ಲಿ ನಿಲ್ಲುತ್ತದೆ ಎಂದರು.

ನಾನು ಮೆಲ್ಲಗೆ ಮುಂದಿನ ಭಾಗ ಹೇಗಿದೆ ಎಂದು ಕೇಳಿದೆ. ಮುಂದೆ ಯುದ್ಧವಿತ್ತು, ಪ್ರೇಮವಿತ್ತು, ನಾನು ಆರು ತಿಂಗಳು ತಿದ್ದಿದ ಒಂದು ಸಾವಿತ್ತು.

“ಮುಂದ ಓದಿಲ್ಲ,” ಎಂದರು ಅವರು ಸಮಾಧಾನವಾಗಿ. “ಇಷ್ಟು ವರ್ಷ ನೌಕರಿ ಮಾಡೇನಿ ಮಗಳ, ಚಕ್ಕುಬಂದಿ ಇಲ್ಲದ ಜಾಗಾದಾಗ ನಾ ಎಂದೂ ಕಾಲಿಟ್ಟಿಲ್ಲ.”

ಷರತ್ತುಗಳಿಗೆ ಒಳಪಟ್ಟು

ಪ್ರಶಸ್ತಿ ಬಂದ ಸುದ್ದಿ ನನಗೆ ಮುಟ್ಟಿದಾಗ ನಾನು ಇರಕಲ್ಲಗಡದ ಹೊಲವೊಂದರಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದೆ. ಫೋನು ಇಟ್ಟವಳು ಸರಪಳಿಯನ್ನು ಕೆಸರಿನಲ್ಲೇ ಬಿಟ್ಟೆ. ಹೊಲದ ಮಾಲೀಕ ಏನಾಯ್ತೆಂದು ಕೇಳಿದ. ಪ್ರಶಸ್ತಿ ಬಂತು ಎಂದೆ.

“ಅಳತಿಗೇನ್ರಿ?”

“ಅಲ್ಲ, ಕಥೆಗೆ.”

“ಹಂಗಾರ ಅಳತಿ ಮುಗಸ್ರಿ,” ಎಂದ.

ಮರುದಿನ ಕಚೇರಿಯಲ್ಲಿ ಪೇಢೆ ಹಂಚಿ, ಪ್ರಶಸ್ತಿ ಸ್ವೀಕರಿಸಲು ರಜೆ ಬೇಕೆಂದು ಅರ್ಜಿ ಕೊಟ್ಟೆ. ನಮ್ಮ ಹಿರಿಯ ಗುಮಾಸ್ತರು ಪೇಢೆ ತಿಂದರು, ಅರ್ಜಿ ಇಟ್ಟುಕೊಂಡರು. ಸರ್ಕಾರಿ ನೌಕರಳು ಪುಸ್ತಕ ಬರೆದಿದ್ದಾಳೆ, ಅದರಲ್ಲೇನಿದೆ ಎಂದು ನೋಡದೆ ಕಡತ ಮೇಲೆ ಕಳಿಸಲಾಗದು, ಒಂದು ಪ್ರತಿ ತಂದುಕೊಡಿ ಎಂದರು. ನನಗೆ ಇನ್ನೂ ಖುಷಿ. ಕರ್ತವ್ಯಕ್ಕಾಗಿಯಾದರೂ ಒಬ್ಬರು ಪೂರ್ತಿ ಓದುತ್ತಾರಲ್ಲ.

ಮೂರನೇ ದಿನ ಹತ್ತಿರ ಕರೆದು ದನಿ ತಗ್ಗಿಸಿದರು. “ಮೇಡಂ, ಒಂಬತ್ತನೇ ಪುಟದಾಗ ‘ನಾನು ಆ ಗ್ರಹದಲ್ಲಿ ನಾನೂರು ಎಕರೆ ಹಸನು ಮಾಡಿದೆ’ ಅಂತ ಐತಿ. ನಿಮ್ಮ ಆಸ್ತಿ ವಿವರ ತಗದು ನೋಡಿದೆ. ಅದರಾಗ ತೋರಿಸಿಲ್ಲ.”

“ಸರ್, ಅದು ನಾನಲ್ಲ. ಕಥೆಯಲ್ಲಿ ಒಂದು ಪಾತ್ರ ಹೇಳುವ ಮಾತು.”

“ಬ್ಯಾರೇದವ್ರ ಹೆಸರಿಗೆ ಜಮೀನು ಮಾಡೂದು ನಾವೇನು ನೋಡಿಲ್ಲೇನ್ರಿ,” ಎಂದು ಕಣ್ಣು ಮಿಟುಕಿಸಿದರು.

ಒಂಬತ್ತನೆಯ ಪುಟದಲ್ಲೇ ಬೇಕಾದಷ್ಟು ಆಕ್ಷೇಪಣೆ ಸಿಕ್ಕಿದ್ದರಿಂದ ಅವರು ಹತ್ತನೆಯದಕ್ಕೆ ಹೋಗಿರಲಿಲ್ಲ. ನಾನು ವಿವರಣೆ ಬರೆದುಕೊಟ್ಟೆ. ಕಡತ ಹೋಗಿ ಬಂತು. ಪ್ರಶಸ್ತಿಯ ಹಿಂದಿನ ದಿನ ಅನುಮತಿಯ ಜ್ಞಾಪನ ಕೈಗೆ ಸಿಕ್ಕಿತು. ಷರತ್ತು ಎರಡೇ ಇದ್ದವು. ಒಂದನೆಯದು ಎಲ್ಲರಿಗೂ ಹಾಕುವಂಥದ್ದು. ಎರಡನೆಯದು ನನಗೆಂದೇ ಬರೆದದ್ದು: “ಸದರಿಯವರು ಕಚೇರಿ ವೇಳೆಯಲ್ಲಿ ಅನ್ಯಗ್ರಹಗಳಿಗೆ ತೆರಳತಕ್ಕದ್ದಲ್ಲ. ತೆರಳುವುದು ಅನಿವಾರ್ಯವಾದಲ್ಲಿ ಚಲನವಲನ ವಹಿಯಲ್ಲಿ ನಮೂದಿಸಿ ಹೋಗತಕ್ಕದ್ದು.”

ಗುಳಿಗೆ

ಮನೆಯಲ್ಲಿ ನಮ್ಮ ಅತ್ತೆ ಇದ್ದಾರೆ. ಅವರಿಗೆ ಓದು ಬರುವುದಿಲ್ಲ. ನಾಲ್ಕು ಕಾದಂಬರಿ ಬರೆದರೂ ಏನು ಬರೆದೆ ಎಂದು ಒಮ್ಮೆಯೂ ಕೇಳಿದವರಲ್ಲ. ಪ್ರಶಸ್ತಿಯ ಜೊತೆ ಬಂದ ಶಾಲನ್ನು ಕೈಯಲ್ಲಿ ಹಿಸುಕಿ ನೋಡಿ, ಅರಿವೆ ಗಟ್ಟಿ ಇದೆ ಎಂದ ಮೇಲೆ ಮಾತ್ರ ಕಥೆಯ ಬಗ್ಗೆ ಸ್ವಲ್ಪ ಗೌರವ ಹುಟ್ಟಿತು.

ಒಂದು ಭಾನುವಾರ ಅವರು ರೊಟ್ಟಿ ಬಡಿಯುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು, ನೀವು ಕೇಳಿದರೂ ಓದಿದ ಲೆಕ್ಕವೇ ಎಂದು ಹೇಳಿ ಓದತೊಡಗಿದೆ. ಆಕಾಶನೌಕೆ ಹಾರಿತು. ರೊಟ್ಟಿಯ ಸದ್ದು ನಿಲ್ಲಲಿಲ್ಲ. ನಕ್ಷತ್ರ ಸಿಡಿಯಿತು. ಸದ್ದು ನಿಲ್ಲಲಿಲ್ಲ. ಗ್ರಹಕ್ಕೆ ಇಳಿದವರು ಊಟದ ಹೊತ್ತಿಗೆ ಒಂದೊಂದು ಗುಳಿಗೆ ನುಂಗಿದರು ಎಂದು ಓದಿದೆ. ಬಡಿಯುವ ಕೈ ನಿಂತಿತು.

“ಏನು ನುಂಗಿದ್ರು?”

“ಗುಳಿಗೆ, ಅತ್ತಿ. ಅದನ್ನು ನುಂಗಿದರೆ ದಿನವಿಡೀ ಹಸಿವಾಗುವುದಿಲ್ಲ.”

“ರೊಟ್ಟಿ?”

“ಇಲ್ಲ.”

“ಪಲ್ಯಾ ಗಿಲ್ಯಾ?”

“ಯಾವುದೂ ಇಲ್ಲ.”

“ಅಂದ್ರ ಭಾಂಡಿ ತಿಕ್ಕೂದೂ ಇಲ್ಲ.”

“ಭಾಂಡಿಯೇ ಇಲ್ಲ ಅತ್ತಿ.”

ಅವರು ಹಂಚಿನ ಮೇಲಿನ ರೊಟ್ಟಿಯನ್ನು ಮರೆತು ಗೋಡೆ ನೋಡುತ್ತ ಕುಳಿತರು. ರೊಟ್ಟಿ ಕರಿಯಾಯಿತು. ನನ್ನ ಮದುವೆಯಾದ ಮೇಲೆ ಅವರ ಕೈಯಲ್ಲಿ ಒಂದು ರೊಟ್ಟಿ ಸೀದದ್ದು ಅದೇ ಮೊದಲು. ಗೆದ್ದೆ ಎಂದುಕೊಂಡು ಉತ್ಸಾಹದಿಂದ ಪುಟ ತಿರುವಿದೆ. ಅವರು ಪುಸ್ತಕದ ಮೇಲೆ ಹಿಟ್ಟಿನ ಕೈಯನ್ನೇ ಇಟ್ಟರು.

“ಇಷ್ಟಕ್ಕ ನಿಲ್ಲಸು. ಭಾಳ ಛಲೋ ಐತಿ. ಮುಂದ ಓದಿದ್ರ ಯಾವಾಕಿರ ಬಂದು ಒಲಿ ಹಚ್ಚಿಗಿಚ್ಚ್ಯಾಳು.”

ಗಿಡ ಯಾವಾಗ ನೆಡುತ್ತಾರೆ

ಪ್ರಶಸ್ತಿ ಬಂದ ಕಾದಂಬರಿಯಲ್ಲಿ ಜನ ಒಂದು ಕೆಂಪು ಗ್ರಹದ ಹೊಟ್ಟೆಯೊಳಗೆ ಊರು ಕಟ್ಟಿಕೊಂಡು ಬದುಕುತ್ತಾರೆ. ಕಲಾವಿದರು ಮುಖಪುಟಕ್ಕೆ ಆ ಗ್ರಹವನ್ನು ಅರ್ಧ ಸೀಳಿ, ಒಳಗೆ ಮನೆಗಳೆಲ್ಲ ಒತ್ತೊತ್ತಾಗಿ ಕೆಂಪು ದೀಪ ಹಚ್ಚಿಕೊಂಡು ಕುಳಿತಂತೆ ಬರೆದಿದ್ದರು. ಬೆಂಗಳೂರಿನಲ್ಲಿ ಎಲ್ಲರೂ ಹೊಗಳಿದರು. ಅದೇ ಮುಖಪುಟವನ್ನು ಆಳೆತ್ತರ ದೊಡ್ಡದು ಮಾಡಿಸಿ, ಕುಷ್ಟಗಿಯಲ್ಲಿ ನನ್ನ ಸನ್ಮಾನದ ವೇದಿಕೆಯ ಹಿಂದೆ ಕಟ್ಟಿದರು. ಕುಷ್ಟಗಿ ಕಡೆ ದಾಳಿಂಬೆ ಬೆಳೆಯುತ್ತಾರೆ ಎಂಬುದು ಕಲಾವಿದರಿಗೆ ಗೊತ್ತಿರಲಿಲ್ಲ.

ಮುಖ್ಯ ಅತಿಥಿಗಳು ದೊಡ್ಡ ಬೆಳೆಗಾರರು. ವೇದಿಕೆ ಹತ್ತಿದವರು ಚಿತ್ರವನ್ನು ಒಮ್ಮೆ ತಿರುಗಿ ನೋಡಿದರು. ಮಾತು ಶುರು ಮಾಡಿದರು.

“ನಮ್ಮ ಹೆಣ್ಣುಮಗಳು ದಾಳಿಂಬರಿ ಮ್ಯಾಲ ಮುನ್ನೂರು ಪುಟ ಬರದಾಳಂದ್ರ ಸಣ್ಣ ಮಾತಲ್ಲ. ಹಣ್ಣಿನ ಕಾಳು ನೋಡ್ರಿ ಹೆಂಗ ತುಂಬ್ಯಾವು. ಇಂಥ ಹಣ್ಣು ನಾ ಹೊರದೇಶಕ್ಕ ಹೋದಾಗೂ ನೋಡಿಲ್ಲ.”

ನಾನು ಗಾಬರಿಯಾಗಿ ಪಕ್ಕದ ಸಂಘಟಕರ ಕಡೆ ನೋಡಿದೆ. ಅವರು ಕೈಮುಗಿದರು.

“ಸುಮ್ಮಿರ್ರಿ ಮೇಡಂ. ಮಂದಿ ಎದ್ದು ಹೋಗೂದು ಈಗರ ನಿಂತೈತಿ.”

ಅತಿಥಿಗಳು ಅರ್ಧ ಗಂಟೆ ಗಿಡ ಸವರುವುದು, ಹನಿ ನೀರಾವರಿ, ಎಲೆಚುಕ್ಕೆ ಎಲ್ಲ ಮಾತಾಡಿ, ಉಳಿದದ್ದು ಪುಸ್ತಕದಲ್ಲಿದೆ ಎಂದು ಕೂತರು. ನನ್ನ ಸರದಿ ಬಂದಾಗ ಇದು ಹಣ್ಣಲ್ಲ, ಗ್ರಹ ಎಂದೆ. ಸಭೆ ನಕ್ಕು ಚಪ್ಪಾಳೆ ತಟ್ಟಿತು. ದೊಡ್ಡವರು ತಮ್ಮ ವಿದ್ಯೆಯನ್ನು ಹಾಗೆಯೇ ಮುಚ್ಚಿಟ್ಟುಕೊಳ್ಳುತ್ತಾರೆ ಎಂದು ಅವರು ತಿಳಿದರಂತೆ. ನಾನು ಕೆಳಗಿಳಿಯುವುದರೊಳಗೆ ತಂದ ಪ್ರತಿಗಳೆಲ್ಲ ಖಾಲಿ. ಪ್ರಕಾಶಕರು ಫೋನಿನಲ್ಲಿ ಅತ್ತೇಬಿಟ್ಟರು, ಸಂತೋಷಕ್ಕೆ.

ಎರಡು ತಿಂಗಳು ಕಳೆಯಿತು. ಒಂದು ಮುಂಜಾನೆ ಒಬ್ಬ ರೈತ ಫೋನ್ ಮಾಡಿದ. ಗಂಭೀರ ಮನುಷ್ಯ.

“ಮೇಡಮ್ಮಾರ, ನಿಮ್ಮ ಪುಸ್ತಕ ನೂರಾ ಎಂಬತ್ತು ಪುಟ ಆತ್ರಿ.”

ನೂರಾ ಎಂಬತ್ತು. ಈ ನಾಲ್ಕು ತಾಲ್ಲೂಕಿನಲ್ಲಿ ಅಷ್ಟು ದೂರ ಯಾರೂ ಬಂದಿರಲಿಲ್ಲ. ಹೇಗನಿಸಿತು ಎಂದು ಕೇಳಿದೆ.

“ಮಂದಿ ಹೋದ್ರು. ನೆಲ ಅಗದ್ರು. ನೀರು ಹುಡುಕಿದ್ರು. ಪೈಪ್ ಹಾಕಿದ್ರು. ಎಲ್ಲಾ ಪದ್ಧತಿ ಪ್ರಕಾರ ಐತಿ. ಗಿಡಾ ಯಾವಾಗ ನೆಡ್ತಾರ್ರಿ?”

ಸುಳ್ಳು ಹೇಳಬಹುದಿತ್ತು. ಇನ್ನೂರನೆಯ ಪುಟದಲ್ಲಿ ನೆಡುತ್ತಾರೆ ಎಂದಿದ್ದರೆ ಅವನು ಕೊನೆಯವರೆಗೂ ಹೋಗುತ್ತಿದ್ದ. ಆದರೆ ಮನಸ್ಸು ಒಪ್ಪಲಿಲ್ಲ. ಗಿಡ ನೆಡುವುದೇ ಇಲ್ಲ, ಅದು ಮನುಷ್ಯನ ಒಂಟಿತನದ ಕಥೆ ಎಂದು ಒಪ್ಪಿಕೊಂಡೆ.

“ಗಿಡಾ ನೆಡೂದಿಲ್ಲಂದ ಮ್ಯಾಲ,” ಎಂದ ಅವನು ನಿಜವಾದ ಸಂಕಟದಿಂದ, “ಅಷ್ಟು ದೂರ ಯಾತಕ್ಕ ಹೋದ್ರು ಅವ್ರು?”

ಪುಟ ಇನ್ನೂರಾ ಹನ್ನೆರಡು

ಐದನೆಯ ಕಾದಂಬರಿ ಬಂದಾಗ ನನಗೆ ಗಂಗಾವತಿಗೆ ವರ್ಗವಾಗಿತ್ತು. ಅಲ್ಲಿ ಸುತ್ತಲೂ ಭತ್ತ, ಕಾಲುವೆ. ದಿನವಿಡೀ ಗದ್ದೆಯ ಬದುವಿನ ಮೇಲೆ ಓಡಾಡಿದವಳು ಮತ್ತೇನು ಬರೆದಾಳು? ಎರಡು ಸೂರ್ಯರಿರುವ ಗ್ರಹವೊಂದಕ್ಕೆ ಮನುಷ್ಯರು ಹೋಗುತ್ತಾರೆ, ಹಿಮ ಕರಗಿಸಿ ಕಾಲುವೆ ಹರಿಸುತ್ತಾರೆ, ಭತ್ತ ಬೆಳೆಯುತ್ತಾರೆ. ಅದೇ ಕಥೆ.

ಮರಳಿ ಎಂಬ ಹಳ್ಳಿಯಿಂದ ಆಚೆ ಒಂದು ಊರು. ಅಲ್ಲಿ ಒಬ್ಬ ಅಜ್ಜಿಯ ಎರಡು ಎಕರೆ ಗದ್ದೆಗೆ ಹದ್ದುಬಸ್ತು ಮಾಡಿಕೊಟ್ಟು, ವಾಡಿಕೆಯಂತೆ ಒಂದು ಪುಸ್ತಕವನ್ನೂ ಕೊಟ್ಟು ಬಂದಿದ್ದೆ. ಅಜ್ಜಿಗೆ ಓದು ಬರುವುದಿಲ್ಲವೆಂದು ಆಮೇಲೆ ತಿಳಿಯಿತು. ಆರು ತಿಂಗಳ ನಂತರ ಬೇರೊಂದು ಅಳತೆಗೆ ಅದೇ ಊರಿಗೆ ಹೋದೆ. ಬಸ್ ನಿಲ್ದಾಣದ ಚಹಾದಂಗಡಿಯ ಮುಂದೆ ಮೂವತ್ತು ನಲವತ್ತು ಜನ ನಿಂತಿದ್ದರು. ಅಳತೆಗೆ ಹೋದಾಗ ಜನ ಗುಂಪಾಗಿ ನಿಂತಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ನಾನು ಬಸ್ಸಿನಿಂದ ಇಳಿಯುವಾಗಲೇ, ವಾಪಸು ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸತೊಡಗಿದೆ.

ಊರಿನ ಹಿರಿಯರೊಬ್ಬರು ಮುಂದೆ ಬಂದರು. ಕಾಲುವೆಯ ತೂಬಿನ ಪಕ್ಕದಲ್ಲೇ ಅವರದು ದೊಡ್ಡ ಜಮೀನು.

“ಮೇಡಮ್ಮಾರ, ಕುಂದರ್ರಿ. ಚಹಾ ಕುಡೀರಿ. ನಿಮ್ಮ ಮ್ಯಾಲ ಊರಿಂದೊಂದು ತಕರಾರು ಐತಿ.”

“ಯಾವ ಸರ್ವೆ ನಂಬರ್?” ಎಂದೆ.

“ಪುಟ ಇನ್ನೂರಾ ಹನ್ನೆರಡು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಚಹಾದಂಗಡಿಯವನು ಒಳಗಿನಿಂದ ನನ್ನ ಪುಸ್ತಕವನ್ನು ತಂದ. ರಟ್ಟು ಸಡಿಲಾಗಿತ್ತು, ಪುಟಗಳ ಮೇಲೆ ಚಹಾದ ಲೋಟದ ಗುಂಡು ಗುಂಡು ಗುರುತು. ದಿನಾ ಮುಂಜಾನೆ ಅವನು ಗಿರಾಕಿಗಳಿಗೆ ಪೇಪರ್ ಓದಿ ಹೇಳುವುದು ಅಲ್ಲಿನ ರೂಢಿ. ಒಂದು ಹಬ್ಬದ ಮರುದಿನ ಪೇಪರ್ ಬರಲಿಲ್ಲ. ಅಜ್ಜಿ ಇದನ್ನು ತಂದುಕೊಟ್ಟಳು. ಅಂದು ಶುರುವಾದದ್ದು, ದಿನಕ್ಕೆ ನಾಲ್ಕು ಪುಟದಂತೆ ನಡೆದಿತ್ತು. ಆಮೇಲೆ ಪೇಪರ್ ಬಂದರೂ ಮೊದಲು ಇದನ್ನು ಓದು ಎನ್ನುತ್ತಿದ್ದರಂತೆ.

“ಎಷ್ಟು ಪುಟ ಆಯಿತು?” ಎಂದು ಕೇಳಿದೆ.

“ಎಲ್ಲಾ,” ಎಂದ ಅಂಗಡಿಯವನು. “ಹಿಂದಿನ ರಟ್ಟಿನ ಮ್ಯಾಲ ನಿಮ್ಮ ಫೋಟೋದ ಕೆಳಗ ಬರದದ್ದೂ ಓದೇವ್ರಿ. ನೀವು ಅದರಾಗ ಭಾಳ ದಪ್ಪ ಕಾಣ್ತೀರಿ.”

ನನಗೆ ಅಳುವೇ ಬಂತು. ವೇದಿಕೆಯ ಮೇಲೆ ಪ್ರಶಸ್ತಿ ತೆಗೆದುಕೊಂಡಾಗಲೂ ಬಾರದ ಅಳು, ಆ ಚಹಾದಂಗಡಿಯ ಬೆಂಚಿನ ಮೇಲೆ ಬಂತು. ಹಿರಿಯರಿಗೆ ಮುಜುಗರವಾಯಿತು. ತಕರಾರು ಇನ್ನೂ ಹೇಳೇ ಇಲ್ಲ, ಈಗಲೇ ಅತ್ತರೆ ಹೇಗೆ ಎಂದರು. ನಾನು ಕಣ್ಣೊರೆಸಿಕೊಂಡು ಹೇಳಿ ಎಂದೆ.

“ಆ ಗ್ರಹದಾಗ ಎರಡು ಸೂರ್ಯಾ ಅದಾವ ಅಂದ್ರಿ. ಒಪ್ಪಿದ್ವಿ. ಇಲ್ಲಿ ಬ್ಯಾಸ್ಗಿ ನೋಡಿದ್ರ ನಮಗೂ ಎರಡ ಇರಬೇಕು ಅನ್ನಿಸತೈತಿ. ಸತ್ತಾಂವ ಡಬ್ಬಿಯೊಳಗಿಂದ ಮಾತಾಡಿದ ಅಂದ್ರಿ. ಒಪ್ಪಿದ್ವಿ. ಕಬ್ಬಿಣದ ಕಾಗಿ ಗದ್ಯಾಗ ನಾಟಿ ಮಾಡತೈತಿ ಅಂದ್ರಿ. ಆಳು ಸಿಗೂದಿಲ್ಲ, ಅದನ್ನೂ ಒಪ್ಪಿದ್ವಿ. ಆದ್ರ ಇನ್ನೂರಾ ಹನ್ನೆರಡನೇ ಪುಟದಾಗ, ಕಾಲುವಿ ಕೊನಿ ಭಾಗದ ಗದ್ದಿಗೆ ಹೇಳಿದ ದಿನಾ, ಹೇಳಿದ ಹೊತ್ತಿಗೆ, ತುಂಬ ನೀರು ಬಂತು ಅಂತ ಬರದೀರಿ.”

ಅವರು ಸುತ್ತ ನೋಡಿದರು. ಎಲ್ಲರೂ ಗಂಭೀರವಾಗಿ ತಲೆದೂಗಿದರು.

“ಓದಾವ್ರು ನಂಬೂಹಂಗ ಬರೀಬೇಕಲ್ರಿ.”

ಕಾಲುವೆ ಕಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ತೂಬಿನಿಂದ ಹೊರಟಾಗ ತುಂಬಿ ಹೊರಡುತ್ತದೆ. ಮೇಲಿನ ಗದ್ದೆಗಳನ್ನು ದಾಟಿ ಕೊನೆ ಭಾಗಕ್ಕೆ ಬರುವಷ್ಟರಲ್ಲಿ ಕಾಲುವೆಯಲ್ಲಿ ಒದ್ದೆ ಮಣ್ಣಷ್ಟೇ ಉಳಿದಿರುತ್ತದೆ. ಆದರೂ ನಾನು ಬಿಡಲಿಲ್ಲ. ಇದು ಕಲ್ಪನೆಯ ಕಾದಂಬರಿ ಎಂದೆ.

“ಕಲ್ಪನಾಕ್ಕೂ ಒಂದು ಹದ್ದು ಬ್ಯಾಡೇನ್ರಿ?” ಎಂದರು ಹಿರಿಯರು. “ಮಂದಿಗೆಲ್ಲಾ ಹದ್ದು ತೋರಸಾವ್ರು ನೀವು. ನಿಮಗ ನಾವು ಹೇಳಬೇಕ?”

ಒಪ್ಪಿಕೊಂಡುಬಿಟ್ಟೆ. ಕೊನೆ ಪುಟದವರೆಗೆ ಓದಿದ ಇಷ್ಟು ಜನ ಒಟ್ಟಿಗೆ ಸಿಕ್ಕಾಗ ನಾನು ಏನನ್ನಾದರೂ ಒಪ್ಪುವವಳಿದ್ದೆ. ಮುಂದಿನ ಮುದ್ರಣದಲ್ಲಿ ತಿದ್ದುತ್ತೇನೆ, ನೀರು ಅರ್ಧ ದಾರಿಗೆ ನಿಲ್ಲುವಂತೆ ಮಾಡುತ್ತೇನೆ ಎಂದು ಮಾತು ಕೊಟ್ಟು, ಪೆನ್ನು ತೆಗೆದು ಆ ಪುಟದಲ್ಲಿ ಗುರುತು ಹಾಕಲು ಹೋದೆ.

“ಯಾರದು ನೀರು ಬಂದ್ ಮಾಡಾಕಿ?”

ಗುಂಪಿನ ಹಿಂದಿನಿಂದ ಅಜ್ಜಿ ದಾರಿ ಮಾಡಿಕೊಂಡು ಬಂದಳು. ನಾನು ಪುಸ್ತಕ ಕೊಟ್ಟ ಅದೇ ಅಜ್ಜಿ. ಅವಳ ಎರಡು ಎಕರೆ ಇದ್ದದ್ದು ಕಾಲುವೆಯ ಕೊಟ್ಟಕೊನೆಗೆ.

“ಈ ಊರಿಗೆ ಸೊಸಿ ಆಗಿ ಬಂದಾಗಿಂದ ಕಾಲುವಿ ದಂಡಿಗೆ ನಿಂತು ನೀರಿನ ಹಾದಿ ನೋಡೇನಿ. ಇಷ್ಟು ವರ್ಷದಾಗ ನಮ್ಮ ಪಾಲಿಗೆ ಪೂರಾ ನೀರು ಒಮ್ಮಿ ಬಂದೈತಿ. ಅದೂ ಪುಸ್ತಕದಾಗ. ಅಂವ ಆ ಪುಟ ಓದಿದ ದಿನಾ ನಾ ಮನಿಗೆ ಹೋಗಿ ಬೆಲ್ಲಾ ಹಾಕಿ ಸಿಹಿ ಸಜ್ಜಕ ಮಾಡೇನಿ. ಅದನ್ನೂ ತಗಸ್ತೀರೇನು?”

ನಾನು ಪೆನ್ನು ಮುಚ್ಚಿದೆ. ಅಷ್ಟರಲ್ಲಿ ಕೊನೆ ಭಾಗದವರೆಲ್ಲ ಅಜ್ಜಿಯ ಪಕ್ಕಕ್ಕೆ ಸರಿದು ನಿಂತರು. ಮೇಲಿನ ಭಾಗದವರು ಹಿರಿಯರ ಪಕ್ಕಕ್ಕೆ. ಒಂದು ಕಡೆಯವರು ನೀರು ಇರಬೇಕೆಂದರು, ಇನ್ನೊಂದು ಕಡೆಯವರು ಇರಬಾರದೆಂದರು. ನಿಜವಾದ ಕಾಲುವೆಗೆ ಆಗುವಷ್ಟೇ ಜೋರು ಜಗಳ, ಇಲ್ಲದ ಗ್ರಹದ ಕಾಲುವೆಗೂ ಆಯಿತು. ಅಳತೆ ಮಾಡಿಸಬೇಕಾದ ರೈತ ಪಾಪ ಬದಿಗೆ ನಿಂತು ಗಡಿಯಾರ ನೋಡುತ್ತಿದ್ದ. ಅವನೇ ದಾರಿ ತೋರಿಸಿದ.

“ಸರ್ವೇ ಮೇಡಂ ಇಲ್ಲೇ ಅದಾರ. ಪಂಚರೂ ಇಲ್ಲೇ ಅದೀರಿ. ಪಂಚನಾಮಿ ಮಾಡಿ ಮುಗಸ್ರಲ್ಲ.”

ನಮ್ಮಲ್ಲಿ ಬಗೆಹರಿಯದ ಯಾವ ತಂಟೆಯೂ ಹಾಗೆಯೇ ಮುಗಿಯುವುದು. ಸ್ಥಳದಲ್ಲಿ ಕಂಡದ್ದನ್ನು ಬರೆದು, ಊರಿನವರು ಸಹಿ ಹಾಕಿಬಿಟ್ಟರೆ ಆಮೇಲೆ ಯಾರೂ ತಕರಾರು ತೆಗೆಯುವಂತಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಬಿಳಿ ಹಾಳೆ ಇಟ್ಟು, ನೌಕರಿಯಲ್ಲಿ ಇಷ್ಟು ವರ್ಷ ಬರೆದ ಒಕ್ಕಣೆಯಲ್ಲೇ ಬರೆದೆ: “ಕೆಳಗೆ ಸಹಿ ಮಾಡಿದ ನಾವು ಪಂಚರು, ಸದರಿ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಓದಿಸಿ, ಕೇಳಿ ತಿಳಿದು, ಸದರಿ ಗ್ರಹದ ಕಾಲುವೆಯ ಕೊನೆ ಭಾಗಕ್ಕೆ ನೀರು ಪೂರ್ಣ ಮುಟ್ಟಿರುವುದನ್ನು ಖಾತ್ರಿ ಮಾಡಿಕೊಂಡಿರುತ್ತೇವೆ.”

ಕೊನೆ ಭಾಗದವರು ಸಾಲಾಗಿ ಬಂದು ಸಹಿ ಹಾಕಿದರು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಆ ಹಾಳೆಗೆ ಈಗ ನಾನು ಕಟ್ಟು ಹಾಕಿಸಿ ಮನೆಯ ನಡುಮನೆಯಲ್ಲಿ ತೂಗುಹಾಕಿದ್ದೇನೆ. ರಾಜ್ಯಮಟ್ಟದ ಪ್ರಶಸ್ತಿಫಲಕ ಅಡುಗೆಮನೆಯ ಕಪಾಟಿಗೆ ಹೋಗಿದೆ. ಬಂದವರು ಮೊದಲು ಇದನ್ನೇ ಓದಲಿ ಎಂದು ನನ್ನ ಆಸೆ.

ಮೇಲಿನ ಭಾಗದ ಹಿರಿಯರು ಮಾತ್ರ ಪೆನ್ನು ಮುಟ್ಟಲಿಲ್ಲ.

“ಕಣ್ಣಾರೆ ಕಾಣದ್ದಕ್ಕ ಸಹಿ ಹಾಕೂದು ನನ್ನ ಕೈಲೆ ಆಗೂದಿಲ್ರಿ,” ಎಂದರು. “ನೀರು ಕೊನಿಗೆ ಮುಟ್ಟಿತು ಅಂತೀರಿ. ಯಾಕ ಮುಟ್ಟಿತು, ಹೆಂಗ ಮುಟ್ಟಿತು, ಕಾರಣಾ ಬರೀಬೇಕಲ್ಲ.”

“ಅದೇನು ದೊಡ್ಡ ಮಾತು. ನಾ ಹೇಳ್ತೇನಿ ಬರೀರಿ,” ಎಂದಳು ಅಜ್ಜಿ.

ಹೆಬ್ಬೆಟ್ಟಿನ ಮಸಿಯನ್ನು ಸೀರೆಯ ಸೆರಗಿಗೆ ಒರೆಸಿಕೊಳ್ಳುತ್ತ, ಹಿರಿಯರ ಮುಖವನ್ನೇ ನೋಡುತ್ತ ಒಂದೊಂದೇ ಮಾತು ಹೇಳಿದಳು. ನಾನು ಕೊನೆಯಲ್ಲಿ ಷರಾ ಎಂದು ಬರೆದು, ಅವಳು ಹೇಳಿದ್ದನ್ನು ಹಾಗೆಯೇ ಇಳಿಸಿದೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಇಡೀ ಊರು ನಕ್ಕಿತು. ಹಿರಿಯರೇ ಎಲ್ಲರಿಗಿಂತ ಹೆಚ್ಚು ನಕ್ಕು, ಪೆನ್ನು ಕಸಿದುಕೊಂಡು ಸಹಿ ಹಾಕಿದರು. ನಾನು ಓದಿದ್ದು ಇಷ್ಟೇ:

“ಷರಾ: ಸದರಿ ಗ್ರಹದಾಗ ತೂಬಿನ ಮಗ್ಗಲಕ ನಮ್ಮೂರಿನ ಹಿರೇರು ಯಾರೂ ಇಲ್ಲದ ಕಾರಣ.”